ಮಂಗನ ಕಾಯಿಲೆ ನಿಮ್ಮ ಬೆಟ್ಟಕ್ಕೆ ಯಾವ ದಾರೀಲಿ ಬರತ್ತೆ, ಸೀಸನ್ನಿಗೆ ಮುಂಚೆ ಏನೇನು ನೋಡ್ಕೋಬೇಕು

ನವೆಂಬರ್ ಬಂತು ಅಂದ್ರೆ ಸಾಗರ, ಹೊಸನಗರ, ತೀರ್ಥಹಳ್ಳಿ, ಸಿದ್ದಾಪುರ ಕಡೆ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಥರದ ಮೆಸೇಜು ಓಡಾಡಕ್ಕೆ ಶುರು ಆಗತ್ತೆ, ಎಲ್ಲೋ ಮಂಗ ಸತ್ತಿದೆಯಂತೆ, ಯಾರಿಗೋ ಜ್ವರ ಬಂದಿದೆಯಂತೆ, ಅದರ ಹಿಂದೆನೇ "ಕಾಡಿಗೆ ಹೋಗಬೇಡಿ" ಅನ್ನೋ ಪೋಸ್ಟರ್ ಫೋಟೋ. ಮನೆನೇ ಕಾಡೊಳಗಿರೋರು ಕಾಡಿಗೆ ಹೋಗದೆ ಇನ್ನೆಲ್ಲಿಗೆ ಹೋಗ್ತಾರೆ ಸ್ವಾಮಿ? ಕೊಟ್ಟಿಗೆಗೆ ದರಗು (ಉದುರಿದ ಒಣ ಎಲೆ) ಬೇಕು, ಬಚ್ಚಲೊಲೆಗೆ ಸೌದೆ ಬೇಕು, ದನ ಬೆಟ್ಟಕ್ಕೇ ಮೇಯಕ್ಕೆ ಹೋಗೋದು, ಅದೇ ಟೈಮಿಗೆ ಅಡಿಕೆ ಕೊಯ್ಲು ಬೇರೆ. ಅದಕ್ಕೆ ಆ ಪೋಸ್ಟರ್ ಬದಿಗಿಟ್ಟು, ಹೋಗ್ಲೇಬೇಕಾದೋರು ಏನು ಮಾಡ್ಬೇಕು, ಅದಕ್ಕಿಂತ ಮುಂಚೆ ತಮ್ಮ ಜಾಗದಲ್ಲಿ ರೋಗ ಒಳಗೆ ಬರೋ ದಾರಿ ಎಲ್ಲೆಲ್ಲಿ ತೆರ್ಕೊಂಡಿದೆ ಅಂತ ಹೇಗೆ ಕಂಡುಹಿಡೀಬೇಕು ಅನ್ನೋದನ್ನ ಬರೀತಿದೀನಿ.

ಮೊದ್ಲು ಉಣುಗಿನ ಲೆಕ್ಕಾಚಾರ ತಿಳ್ಕೊಳ್ಳಿ

ಉಣುಗು ಅಂದ್ರೆ ಮೈಗೆ ಕಚ್ಕೊಂಡು ರಕ್ತ ಕುಡಿಯೋ ಉಣ್ಣೆ ಹುಳ. ಇದರ ಲೆಕ್ಕ ಗೊತ್ತಿಲ್ದೆ ಮುಂದಿನದ್ದು ಯಾವ್ದೂ ಅರ್ಥ ಆಗಲ್ಲ, ಅದಕ್ಕೆ ಸ್ವಲ್ಪ ಉದ್ದ ಆದ್ರೂ ಓದಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಒಂದರ ಹಿಂದೆ ಒಂದು ಸಾಯ್ತಿದ್ವು, ಸುತ್ತಲ ಹಳ್ಳಿ ಜನಕ್ಕೂ ಜೋರು ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವ್ರಿಗೆ ಮೊದ್ಲು ಬಂದ ಅನುಮಾನ ಹಳದಿ ಜ್ವರ ಇಂಡಿಯಾಕ್ಕೆ ಕಾಲಿಟ್ಟಿದೆಯಾ ಅಂತ, ಯಾಕಂದ್ರೆ ಆ ಜ್ವರದಲ್ಲೂ ಮಂಗ ಸಾಯತ್ತೆ. ವೈರಸ್ ಹೊರಗೆ ತೆಗೆದು ನೋಡಿದ್ರೆ ಅದು ರಷ್ಯಾ ಕಡೆ ಕಾಡುಗಳಲ್ಲಿ ಉಣುಗಿನಿಂದ ಬರೋ ಮೆದುಳು ಜ್ವರದ ಗುಂಪಿಗೆ ಸೇರಿದ್ದು. ಹಾಗಾಗಿ ಕ್ಯಾಸನೂರು ಕಾಡಿನ ಕಾಯಿಲೆ ಅಂತ ಹೆಸರು ಬಂತು, ಆಸ್ಪತ್ರೆ ಚೀಟೀಲಿ ಕೆಎಫ್‌ಡಿ, ನಮ್ಮ ಬಾಯಲ್ಲಿ ಮಂಗನ ಕಾಯಿಲೆ.

ಹೆಸರು ಮಂಗಂದು, ಕೆಲಸ ಎಲ್ಲ ಉಣುಗಿಂದು. ದೊಡ್ಡ ಉಣುಗು ಮಳೆಗಾಲದಲ್ಲಿ ದನದ ಮೈಗೋ ಕಾಡುಪ್ರಾಣಿ ಮೈಗೋ ಹತ್ತಿ ಹೊಟ್ಟೆ ತುಂಬ ರಕ್ತ ಕುಡಿದು ನೆಲಕ್ಕೆ ಬಿದ್ದು ರಾಶಿ ಮೊಟ್ಟೆ ಇಡತ್ತೆ. ಮಳೆ ನಿಂತ ಮೇಲೆ ಮರಿ ಹೊರಗೆ ಬಂದು ಇಲಿ, ಅಳಿಲು, ನೆಲದ ಮೇಲೆ ಓಡಾಡೋ ಹಕ್ಕಿ, ಮಂಗ, ಯಾವ್ದು ಸಿಗತ್ತೋ ಅದಕ್ಕೆ ಕಚ್ಕೊಳ್ಳತ್ತೆ. ಆ ಪ್ರಾಣಿ ರಕ್ತದಲ್ಲಿ ವೈರಸ್ ಇದ್ರೆ ಮರಿ ಹೊಟ್ಟೆಗೂ ಬಂತು. ಅದು ಪೊರೆ ಕಳಚಿ ಎಳೆ ಉಣುಗು ಆದ್ಮೇಲೂ ವೈರಸ್ ಒಳಗೇ ಇರತ್ತೆ, ಈ ಎಳೆ ಉಣುಗು ಮುಂದೆ ಕಚ್ಚೋದು ಇನ್ನೊಂದು ಮಂಗಕ್ಕೆ, ಇಲ್ಲ ದರಗು ಗುಡಿಸೋಕೆ ಹೋದ ನಮಗೆ. ಎಳ್ಳಿನ ಕಾಳಿಗಿಂತ ಸಣ್ಣದಿರತ್ತೆ, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗಲ್ಲ. ನವೆಂಬರಿಂದ ಮೇ ತನಕ ಇದರ ಕಾಲ, ಜನವರಿ ಫೆಬ್ರವರಿ ಮಾರ್ಚ್ ಜೋರು.

ದನದಿಂದ ರೋಗ ಹರಡತ್ತೆ ಅಂತ ಒಂದು ತಪ್ಪು ಕಲ್ಪನೆ ಇದೆ. ದನಕ್ಕೆ ಈ ಕಾಯಿಲೆ ಬರಲ್ಲ, ದನದಿಂದ ನಮಗೂ ಹರಡಲ್ಲ, ಆದ್ರೆ ಉಣುಗಿನ ಸಂಖ್ಯೆ ಬೆಳೆಯೋದೇ ದನದ ರಕ್ತದಲ್ಲಿ. ಮಂಗನ ವಿಷಯ ಬೇರೆ. ಮುಸುವ ಆಗ್ಲಿ ಕೆಂಪು ಮೂತಿ ಮಂಗ ಆಗ್ಲಿ ವೈರಸ್ ಹೊಕ್ಕಿದ್ರೆ ಸಾಯೋದೇ ಜಾಸ್ತಿ, ಸತ್ತ ಮೈ ತಣ್ಣಗಾಗ್ತಿದ್ದಂಗೆ ಅದರ ಮೇಲಿದ್ದ ಉಣುಗೆಲ್ಲ ಕೆಳಗಿಳಿದು ಸುತ್ತಲ ದರಗಿನಲ್ಲಿ ಸೇರ್ಕೊಳ್ಳತ್ತೆ. ಆ ಜಾಗ ವಾರಗಟ್ಟಲೆ ಡೇಂಜರ್.

ತಡೆ ಏನಿತ್ತು, ಹೇಗೆ ಹೋಯ್ತು

ವೈರಸ್ಸು 1957ರಲ್ಲಿ ಆಕಾಶದಿಂದ ಉದುರಿದ್ದಲ್ಲ ಅಂತ ನನ್ನ ನಂಬಿಕೆ, ಕಾಡೊಳಗೆ ಇಲಿ ಉಣುಗುಗಳ ನಡುವೆ ಎಲ್ಲೋ ಸುತ್ತಾಡ್ಕೊಂಡಿತ್ತು. ಸೈಬೀರಿಯಾದಿಂದ ವಲಸೆ ಹಕ್ಕಿ ತಂತು ಅಂತ ಒಂದು ವಾದ ಇತ್ತು, ಈಗ ಅದನ್ನ ಹೆಚ್ಚು ಜನ ಒಪ್ಪಲ್ಲ. ಮೊದಲೇ ಇದ್ರೆ ಜನಕ್ಕೆ ಯಾಕೆ ಬರ್ತಿರ್ಲಿಲ್ಲ? ಜನನೇ ಕಮ್ಮಿ ಇದ್ರು. ಮಲೆನಾಡಲ್ಲಿ ಮಲೇರಿಯಾಕ್ಕೆ ಹೆದರಿ ಊರು ಬಿಟ್ಟ ಕಥೆ ನಮ್ಮ ಅಜ್ಜಂದ್ರ ಕಾಲದ ಎಲ್ಲ ಮನೆಲೂ ಇದೆ. ಡಿಡಿಟಿ ಹೊಡೆದು ಮಲೇರಿಯಾ ಇಳಿದ ಮೇಲೆ ಜನ ಬಂದ್ರು, ಕಾಡು ಕಡಿದು ಗದ್ದೆ ತೋಟ ಮಾಡಿದ್ರು, ಜೊತೆಗೆ ದನ ತಂದ್ರು. ಒಂದು ರೋಗ ಹೋಗಿದ್ದೇ ಇನ್ನೊಂದು ರೋಗಕ್ಕೆ ಬಾಗಿಲು ತೆಗೆದಂಗಾಯ್ತು. ಬೋಶೆಲ್ ಅನ್ನೋ ವಿಜ್ಞಾನಿ 1969ರಲ್ಲೇ ಇದನ್ನ ಬರೆದಿದ್ರು: ಕಾಡು ತುಂಡಾಗಿ ಅಂಚು ಜಾಸ್ತಿ ಆಗತ್ತೆ, ಅಂಚಲ್ಲಿ ಲಂಟಾನ ಪೊದೆ ಏಳತ್ತೆ, ಅಲ್ಲಿ ಇಲಿ ಹಕ್ಕಿ ಸೇರತ್ತೆ, ದನ ಅಲ್ಲೇ ಮೇಯತ್ತೆ, ಉಣುಗು ಏರ್ತಾ ಹೋಗತ್ತೆ.

ಆಮೇಲೆ ಇದು ಬೇರೆ ಕಡೆನೂ ಹಂಗೇ ಆಯ್ತು. ಬೆಳ್ತಂಗಡಿ ತಾಲೂಕಿನ ನಿಡ್ಲೆ ಹತ್ರ ಗೇರು ತೋಟಕ್ಕೆ ಅಂತ ಕಾಡು ಸಪಾಟು ಮಾಡಿದ್ರು, 1982-83ರಲ್ಲಿ ಅಲ್ಲಿ ಬಂದ ಕಾಯಿಲೆ ಈ ರೋಗದ ಚರಿತ್ರೆಲೇ ಅತಿ ದೊಡ್ಡದು, ಸಾವಿರದ ಮೇಲೆ ಜನಕ್ಕೆ ಬಂತು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಮುಳುಗಿದ ಊರಿನ ಜನನ್ನ ತಂದು ಕಾಡಲ್ಲೇ ಕೂರಿಸಿದ್ದು ಗೊತ್ತಲ್ಲ, ಆ ಹಿನ್ನೀರಿನ ಕಡೆಯ ಅರಳಗೋಡಲ್ಲಿ 2018-19ರಲ್ಲಿ ಆದ ಸಾವುಗಳನ್ನ ಸಾಗರದವ್ರು ಯಾರೂ ಮರ್ತಿಲ್ಲ.

2012ರ ತನಕ ಕಾಯಿಲೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ, ಇಷ್ಟರಲ್ಲೇ ಇತ್ತು. ಆ ವರ್ಷ ಬಂಡೀಪುರದಲ್ಲಿ ಕಾಣಿಸ್ತು, ಆಮೇಲೆ ನೀಲಗಿರಿ, ವಯನಾಡು, ಗೋವಾದ ಸತ್ತರಿ, 2016ಕ್ಕೆ ಮಹಾರಾಷ್ಟ್ರದ ಸಿಂಧುದುರ್ಗ. ಅಲ್ಲೆಲ್ಲ ಮೊದಲೇ ಇದ್ದು ಈಗ ಕಣ್ಣಿಗೆ ಬಿತ್ತಾ, ಇಲ್ಲ ಮಂಗ ಉಣುಗುಗಳ ಜೊತೆ ನಡ್ಕೊಂಡು ಹೋಯ್ತಾ ಅಂತ ವಾದ ನಡೀತಾನೇ ಇದೆ. ಎರಡೂ ಇರ್ಬೋದು. ಆದ್ರೆ ಎಲ್ಲಾ ಕಡೆ ಕಾಣೋ ಚಿತ್ರ ಒಂದೇ, ದಟ್ಟ ಕಾಡೂ ಅಲ್ಲದ ಪೂರ್ತಿ ಊರೂ ಅಲ್ಲದ ಜಾಗ, ಒಂದು ತುಂಡು ಕಾಡು ಒಂದು ತುಂಡು ತೋಟ, ಮಧ್ಯ ದನ.

(ತಡೆ ಹೋದ್ರೆ ರೋಗ ದಾಟೋದು ಬರೀ ನಮ್ಮ ಘಟ್ಟದ ಕಥೆ ಅಲ್ಲ. ಯುರೋಪ್ ಕಡಲಲ್ಲಿ ಸೀಲುಗಳನ್ನ 1988ರಲ್ಲಿ, ಮತ್ತೆ 2002ರಲ್ಲಿ ಸಾವಿರಗಟ್ಟಲೆ ಕೊಂದ ಡಿಸ್ಟೆಂಪರ್ ವೈರಸ್ಸು 2004ರಲ್ಲಿ ಅಲಾಸ್ಕಾದ ಕಡಲ ನೀರುನಾಯಿಗಳಲ್ಲಿ ಸಿಕ್ತು. ನಡುವೆ ಆರ್ಕ್ಟಿಕ್ ಮಂಜುಗಡ್ಡೆ ಅಡ್ಡ ಇತ್ತಲ್ಲ ಅಂದ್ರೆ, ಬೇಸಿಗೆಲಿ ಆ ಮಂಜು ಕರಗಿ ನೀರಿನ ದಾರಿ ಬಿಡ್ತಿದೆ, ಅದಕ್ಕೂ ಇದಕ್ಕೂ ತಾಳೆ ಆಗತ್ತೆ ಅಂತ 2019ರ ಸಂಶೋಧನೆ. ಅಲ್ಲಿ ಮಂಜು ಹೋಯ್ತು, ಇಲ್ಲಿ ಕಾನು (ದಟ್ಟ ಕಾಡು) ಹೋಯ್ತು.)

ನಿಮ್ಮ ಜಾಗ ಹೇಗೆ ನೋಡೋದು

ಅಕ್ಟೋಬರ್ ಕೊನೆ ಒಳಗೆ, ಎಳೆ ಉಣುಗು ಏಳೋದಕ್ಕೆ ಮುಂಚೆ ಒಂದು ದಿನ ಬಿಡುವು ಮಾಡ್ಕೊಂಡು ಮನೆಯಿಂದ ಬೆಟ್ಟದ ತನಕ ಸುಮ್ನೆ ನಡೀರಿ. ಕೈಲಿ ಒಂದು ಪೇಪರ್ ಇರ್ಲಿ, ಗೀಚಿ ಮ್ಯಾಪ್ ಮಾಡಿದ್ರೆ ಸಾಕು. ದನ ದಿನಾ ಹೋಗೋ ಜಾಡು ಯಾವ್ದು, ಮಧ್ಯಾಹ್ನ ಅವು ಮಲಗೋ ನೆರಳು ಎಲ್ಲಿ. ಮಂಗಗಳು ರಾತ್ರಿ ಕೂರೋ ಮರ ಯಾವ್ದು (ಕೆಳಗೆ ಹಿಕ್ಕೆ ಬಿದ್ದಿರತ್ತೆ, ಗೊತ್ತಾಗತ್ತೆ). ಲಂಟಾನ ಎಲ್ಲಿ ದಟ್ಟ ಆಗಿದೆ. ನೀವು ದರಗು ಗುಡಿಸೋ ಜಾಗ, ಸೌದೆ ತರೋ ಜಾಗ, ಮನೆ ಮಕ್ಕಳು ಶಾಲೆಗೆ ಹೋಗೋ ಕಾಲುದಾರಿ. ಇದನ್ನೆಲ್ಲ ಒಂದೇ ಪೇಪರಲ್ಲಿ ಗುರುತು ಹಾಕಿದಾಗ ಗೆರೆಗಳು ಒಂದರ ಮೇಲೊಂದು ಬೀಳೋ ಒಂದೆರಡು ಜಾಗ ಸಿಕ್ಕೇ ಸಿಗತ್ತೆ, ದನ ಮಲಗೋದೂ ಅಲ್ಲೇ, ಮಂಗ ಇಳಿಯೋದೂ ಅಲ್ಲೇ, ನೀವು ದರಗು ತರೋದೂ ಅಲ್ಲೇ. ನಿಮ್ಮ ಇಡೀ ಬೆಟ್ಟದಲ್ಲಿ ಭಯಪಡ್ಬೇಕಾದ ಜಾಗ ಅದು, ಉಳಿದ ಕಡೆ ಸುಮ್ನೆ ತಲೆ ಕೆಡಿಸ್ಕೋಬೇಡಿ.

ಉಣುಗು ನಿಜವಾಗ್ಲೂ ಇದೆಯಾ ನೋಡಕ್ಕೆ ಸುಲಭದ ಉಪಾಯ ಇದೆ, ಸಂಶೋಧನೆ ಮಾಡೋರು ಮಾಡೋದೂ ಇದನ್ನೇ. ಹಳೇ ಬಿಳಿ ಪಂಚೆಯ ಒಂದು ತುಂಡು, ಸ್ವಲ್ಪ ಒರಟು ಬಟ್ಟೆ ಆದ್ರೆ ಇನ್ನೂ ಒಳ್ಳೇದು, ಅದರ ಒಂದು ಅಂಚನ್ನ ಕೋಲಿಗೆ ಕಟ್ಟಿ, ಕೋಲಿಗೆ ಹಗ್ಗ ಹಾಕಿ ದರಗಿನ ಮೇಲೆ ನಿಧಾನಕ್ಕೆ ಎಳ್ಕೊಂಡು ಹೋಗಿ. ಹತ್ತಿಪ್ಪತ್ತು ಹೆಜ್ಜೆಗೊಂದ್ಸಲ ನಿಂತು ಬಟ್ಟೆ ಮಗಚಿ ನೋಡಿ. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಮಾಡಿ, ಒದ್ದೆ ಬಟ್ಟೆಗೆ ಉಣುಗು ಹತ್ತಲ್ಲ. ಮೊದ್ಲು ಏನೂ ಕಾಣಲ್ಲ, ಕಸದ ಚೂರು ಅನ್ಸತ್ತೆ, ಕಣ್ಣು ಹತ್ರ ತಗೊಂಡು ಸ್ವಲ್ಪ ಹೊತ್ತು ನೋಡಿದ್ರೆ ಆ ಚೂರು ಕಾಲು ಅಗಲ ಮಾಡಿ ನಡೆಯಕ್ಕೆ ಶುರು ಮಾಡತ್ತೆ. ಆಗ ಅಗಲ ಟೇಪ್ ಅಂಟಿಸಿ ಎತ್ತಿಬಿಡಿ, ಉಗುರಲ್ಲಿ ಒತ್ತಿ ಒಡೀಬೇಡಿ. ಬೂಟು, ಉದ್ದ ಪ್ಯಾಂಟು, ಮೈಗೆ ಉಣುಗು ತಡೆಯೋ ಎಣ್ಣೆ ಇಲ್ದೆ ಈ ಕೆಲಸಕ್ಕೆ ಇಳೀಬೇಡಿ, ಈ ಹಿಂದೆ ಮಂಗ ಸತ್ತ ಜಾಗಕ್ಕಂತೂ ಬೇಡವೇ ಬೇಡ. ಉಣುಗು ಸಿಕ್ತು ಅಂದ್ರೆ ವೈರಸ್ ಇದೆ ಅಂತಲ್ಲ, ವೈರಸ್ ಬಂದ್ರೆ ಕೂತ್ಕೊಳ್ಳಕ್ಕೆ ಜಾಗ ರೆಡಿ ಇದೆ ಅಂತ ಅಷ್ಟೇ.

ಸೀಸನ್ನಿಗೆ ಮುಂಚಿನ ಕೆಲಸ

ಲಂಟಾನ ಸವರೋದಿದ್ರೆ ಮಳೆಗಾಲದಲ್ಲೇ ಸವರಿ. ಇಂಬಳ (ಜಿಗಣೆ) ಕಾಟ ಇರತ್ತೆ ನಿಜ, ಆದ್ರೆ ಇಂಬಳ ಕಚ್ಚಿ ಯಾರೂ ಐಸಿಯು ಸೇರಿಲ್ಲ. ಜನವರೀಲಿ ಪೊದೆಗೆ ಕೈ ಹಾಕೋದು ಎಳೆ ಉಣುಗಿನ ಮಧ್ಯಕ್ಕೇ ಹೋಗಿ ಕೂತಂಗೆ. ಎಲ್ಲಾ ಕಡೆ ಸವರೋದೂ ಬೇಡ, ಕಾಲುದಾರಿಯ ಎರಡೂ ಬದಿ, ಅಂಗಳ ಮತ್ತು ಕಾಡಿನ ನಡುವಿನ ಪಟ್ಟಿ ಬಿಸಿಲು ಬೀಳೋ ಹಂಗೆ ಖಾಲಿ ಆದ್ರೆ ಸಾಕು. ಉಣುಗಿಗೆ ನೆರಳು ತೇವ ಬೇಕು, ಬಿಸಿಲು ಬಿದ್ದ ಖಾಲಿ ನೆಲದಲ್ಲಿ ಒಣಗಿ ಸಾಯತ್ತೆ.

ದನಕ್ಕೆ ಉಣುಗಿನ ಔಷಧ ಹಾಕ್ಸೋದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ, ಆದ್ರೆ ನಮ್ಮ ಕಡೆ ಎಲ್ಲಕ್ಕಿಂತ ಕಡಿಮೆ ಆಗೋ ಕೆಲಸನೂ ಇದೇ. ಪಶು ಆಸ್ಪತ್ರೆ ಡಾಕ್ಟ್ರ ಹತ್ರ ಕೇಳಿ, ಬೆನ್ನ ಮೇಲೆ ಉದ್ದಕ್ಕೆ ಸುರಿಯೋ ಫ್ಲುಮೆಥ್ರಿನ್ ಇದೆ, ನೀರಲ್ಲಿ ಕಲಸಿ ಹೊಡೆಯೋ ಡೆಲ್ಟಾಮೆಥ್ರಿನ್ ಇದೆ, ಐವರ್ಮೆಕ್ಟಿನ್ ಇಂಜೆಕ್ಷನ್ ಇದೆ. ಯಾವ್ದು ಕೊಟ್ರೆ ಎಷ್ಟು ದಿನ ಹಾಲು ಬಳಸಬಾರ್ದು ಅನ್ನೋದನ್ನ ಕೇಳದೆ ಬರಬೇಡಿ. ಮಳೆಗಾಲ ಶುರುವಿನಿಂದ್ಲೇ ಹಾಕಿದ್ರೆ ಮೊಟ್ಟೆ ಇಡೋ ಉಣುಗೇ ಕಮ್ಮಿ ಆಗತ್ತೆ. ಒಬ್ರು ಹಾಕಿ ಪಕ್ಕದ ಮನೆಯವ್ರು ಹಾಕ್ದಿದ್ರೆ ದುಡ್ಡು ದಂಡ, ಒಂದೇ ಬೆಟ್ಟಕ್ಕೆ ಹೋಗೋ ದನಕ್ಕೆಲ್ಲ ಒಟ್ಟಿಗೇ ಆಗ್ಬೇಕು. ಇನ್ನು ಸೀಸನ್ನಲ್ಲಿ ದನ ಬೆಟ್ಟಕ್ಕೆ ಬಿಡದೆ ಕಟ್ಟಿ ಮೇಯಿಸಿ ಅನ್ನೋದು ಸಲಹೆ ಚೆನ್ನಾಗಿದೆ, ಹುಲ್ಲಿಗೆ ದುಡ್ಡು ಯಾರು ಕೊಡ್ತಾರೆ ಅಂತ ಮಾತ್ರ ಹೇಳೋರಿಲ್ಲ.

ತೋಟಕ್ಕೆ ಬರೋ ಮಂಗಗಳನ್ನ ಬೋನಿಟ್ಟು ಹಿಡಿದು ಪಿಕಪ್ಪಲ್ಲಿ ಹಾಕ್ಕೊಂಡು ದೂರದ ಘಾಟಿಲಿ ಬಿಟ್ಟು ಬರೋ ಚಾಳಿ ಇದೆ. ದಯವಿಟ್ಟು ಬೇಡ. ಬೆಳೆ ಹಾಳಾಗೋ ಸಿಟ್ಟು ನನಗೂ ಅರ್ಥ ಆಗತ್ತೆ, ಆದ್ರೆ ನದಿ, ಬಯಲು, ಗುಡ್ಡ ದಾಟಿ ಮಂಗ ತಾನಾಗೇ ಹೋಗೋಕಾಗದ ಕಡೆಗೆ ಅದರ ಮೈಮೇಲಿನ ಉಣುಗು ಸಮೇತ ನಾವೇ ಡ್ರಾಪ್ ಕೊಟ್ಟಂಗಾಗತ್ತೆ.

ಹೋಗ್ಲೇಬೇಕಾದ ದಿನ

ಆರೋಗ್ಯ ಇಲಾಖೆಯಿಂದ ಉಣುಗು ತಡೆಯೋ ಡೇಪಾ ಎಣ್ಣೆ ಕೊಡ್ತಾರೆ, ಹಿಂದೆ ಡಿಎಂಪಿ ಎಣ್ಣೆ ಕೊಡ್ತಿದ್ರು. ಪಿಎಚ್‌ಸಿಲಿ ಸಿಗತ್ತೆ, ಇಲ್ಲಾಂದ್ರೆ ಆಶಾ ಅಕ್ಕ ಮನೆ ಬಾಗಿಲಿಗೇ ಬರ್ತಾರೆ, "ಅಣ್ಣಾ, ಹೋದ್ಸಲದ ಬಾಟ್ಲಿ ಖಾಲಿ ಮಾಡಿದ್ರಾ ಇಲ್ಲ ಕಿಟಕಿ ಮೇಲೆ ಹಂಗೇ ಇಟ್ಟಿದೀರಾ" ಅಂತ ಕೇಳ್ತಾರೆ, ಹೆಚ್ಚಿನ ಮನೆಗಳಲ್ಲಿ ಅದು ಕಿಟಕಿ ಮೇಲೇ ಇರತ್ತೆ. ವಾಸನೆ, ಅಂಟು ಅಂತ ಹಚ್ಚಲ್ಲ. ಹಚ್ಚಿ ಮಾರಾಯ್ರೆ. ಪಾದ, ಮೀನಖಂಡ, ಮೊಣಕಾಲು, ಕೈ, ಕುತ್ತಿಗೆ ಹಿಂದೆ. ಕಣ್ಣು ಬಾಯಿ ಗಾಯ ಬಿಟ್ಟು. ಕೆಲಸ ಉದ್ದ ಆದ್ರೆ ಮತ್ತೆ ಹಚ್ಕೊಳ್ಳಿ, ಮನೆಗೆ ಬಂದ ಮೇಲೆ ಸೋಪು ಹಾಕಿ ತೊಳೀರಿ.

ಬಟ್ಟೆ ತಿಳಿ ಬಣ್ಣದ್ದಿರ್ಲಿ, ಉಣುಗು ಕಾಣತ್ತೆ. ಪ್ಯಾಂಟಿನ ತುದಿ ಸಾಕ್ಸ್ ಒಳಗೆ ಸೇರ್ಸಿ, ಮೇಲೆ ಗಂಬೂಟು. ಹೆಣ್ಮಕ್ಕಳು ದರಗು ಗುಡಿಸೋಕೆ ಸೀರೆ ಮೇಲೆ ಅಂಗಿ ಹಾಕ್ಕೊಂಡು ಹೋಗ್ತಾರಲ್ಲ, ಕೆಳಗೆ ಒಂದು ಪ್ಯಾಂಟು ಹಾಕ್ಕೊಂಡ್ರೆ ಯಾರೂ ನಗಲ್ಲ, ನಕ್ರೆ ನಗ್ಲಿ. ದರಗಿನ ಮೇಲೆ ಕೂತು ಎಲೆ ಅಡಿಕೆ ಹಾಕೋದು ನಿಲ್ಲಿಸ್ಬೇಕು, ಬಂಡೆ ಮೇಲೆ ಕೂರಿ.

ದರಗು ಬುಟ್ಟಿ ತಲೆ ಮೇಲೆ ಹೊರೋವಾಗ ಕುತ್ತಿಗೆಗೆ ಟವೆಲ್ ಸುತ್ಕೊಳ್ಳಿ. ತಂದ ದರಗನ್ನ ಮನೆ ಗೋಡೆಗೆ ತಾಗಿಸಿ ರಾಶಿ ಹಾಕ್ಬೇಡಿ, ದೂರದಲ್ಲಿ ಬಿಸಿಲಿಗೆ ಹರಡಿ. ಆ ಪೇಪರಲ್ಲಿ ಗೆರೆ ಒಂದರ ಮೇಲೊಂದು ಬಿದ್ದ ಜಾಗದ ದರಗು ಮಾತ್ರ ಈ ವರ್ಷ ಬಿಟ್ಟುಬಿಡಿ, ಕೊಟ್ಟಿಗೆಗೆ ಕಮ್ಮಿ ಬಿದ್ರೆ ಭತ್ತದ ಹುಲ್ಲೋ ಅಡಿಕೆ ಸಿಪ್ಪೆನೋ ಹಾಕಿ ನಡೆಸಿ.

ಬಂದ ಕೂಡ್ಲೆ ಬಟ್ಟೆ ಹೊರಗೇ ಬಿಚ್ಚಿ ಬಿಸಿನೀರಲ್ಲಿ ನೆನೆಸಿ, ಬಿಸಿನೀರು ಸ್ನಾನ, ಆಮೇಲೆ ಮೈ ನೋಡ್ಕೊಳ್ಳಿ: ಕಂಕುಳು, ತೊಡೆ ಸಂದು, ಮೊಣಕಾಲ ಹಿಂದೆ, ಕಿವಿ ಹಿಂದೆ, ಸೊಂಟದ ಲಾಡಿ ಜಾಗ. ಕಚ್ಕೊಂಡಿದ್ರೆ ಚಿಮುಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರಕ್ಕೆ ಎಳೀರಿ. ಸೀಮೆಎಣ್ಣೆ, ಸುಣ್ಣ, ಬೀಡಿ ತುದಿ, ಇವ್ಯಾವ್ದೂ ಬೇಡ.

ಮಂಗ ಸತ್ತಿದ್ದು ಕಂಡ್ರೆ

ಹತ್ರ ಹೋಗ್ಬೇಡಿ, ಮುಟ್ಬೇಡಿ, ಹನುಮಂತ ಅಂತ ಭಕ್ತಿಯಿಂದ ಎತ್ತಿ ಮಣ್ಣು ಮಾಡೋಕೂ ಹೋಗ್ಬೇಡಿ. ದೂರದಿಂದ ಒಂದು ಫೋಟೋ, ಲೊಕೇಶನ್, ಆಮೇಲೆ ಪಿಎಚ್‌ಸಿಗೋ ಆಶಾ ಅಕ್ಕಂಗೋ ಫಾರೆಸ್ಟ್ ಗಾರ್ಡಿಗೋ ಫೋನು. ಸ್ಯಾಂಪಲ್ ತಗೊಂಡು ಹೆಣ ಸುಟ್ಟು ಸುತ್ತ ಮ್ಯಾಲಾಥಿಯಾನ್ ಪುಡಿ ಹಾಕೋದು ಅವ್ರ ಕೆಲಸ. ಮಂಗ ಕರೆಂಟ್ ಹೊಡೆದೂ ಸಾಯತ್ತೆ, ವಿಷ ತಿಂದೂ ಸಾಯತ್ತೆ, ಆದ್ರೆ ಅದನ್ನ ತೀರ್ಮಾನ ಮಾಡೋದು ನಾವಲ್ಲ, ಪ್ರತಿಯೊಂದನ್ನೂ ಹೇಳ್ಬೇಕು. ವಾಸನೆ ಬಂದು ಹೆಣ ಕೊಳೆತ ಮೇಲೆ ಹೇಳಿದ್ರೆ ಸ್ಯಾಂಪಲ್ ಕೆಡತ್ತೆ, ಉಣುಗೂ ಅಷ್ಟೊತ್ತಿಗೆ ಇಳಿದಾಗಿರತ್ತೆ. ಆ ದಾರೀಲಿ ದನ, ನಾಯಿ, ಮಕ್ಕಳು ಹೋಗದ ಹಾಗೆ ಮುಳ್ಳು ಎಳೆದು ಹಾಕಿ.

ಜ್ವರ ಬಂದ್ರೆ

ಕಚ್ಚಿದ 3ರಿಂದ 8 ದಿನದಲ್ಲಿ ಇದ್ದಕ್ಕಿದ್ದ ಹಾಗೆ ಚಳಿ ಜ್ವರ, ತಲೆ ಸಿಡಿಯೋ ನೋವು, ಸೊಂಟ ಮೀನಖಂಡ ಹಿಡ್ಕೊಂಡಂಗೆ ನೋವು, ಕಣ್ಣು ಕೆಂಪು, ವಾಂತಿ ಭೇದಿ, ಕೆಲವ್ರಿಗೆ ಮೂಗು ವಸಡಲ್ಲಿ ರಕ್ತ. ಸೀಸನ್ನಲ್ಲಿ ಹೀಗಾದ್ರೆ ಮೆಡಿಕಲ್ ಶಾಪ್ ಮಾತ್ರೆ ನುಂಗಿ ಎರಡು ದಿನ ನೋಡಣ ಅನ್ಬೇಡಿ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ, ಆಸ್ಪಿರಿನ್ ಬ್ರೂಫೆನ್ ಥರದ್ದು, ರಕ್ತಸ್ರಾವ ಜಾಸ್ತಿ ಮಾಡ್ಬೋದು. ವೈರಸ್ ಕೊಲ್ಲೋ ಔಷಧ ಇಲ್ಲ, ಆದ್ರೆ ಬೇಗ ಅಡ್ಮಿಟ್ ಆಗಿ ಡ್ರಿಪ್ ಹಾಕಿ ಪ್ಲೇಟ್‌ಲೆಟ್ ನೋಡ್ಕೊಂಡ್ರೆ ಹೆಚ್ಚಿನವ್ರು ಉಳೀತಾರೆ, ನೂರರಲ್ಲಿ 3ರಿಂದ 5 ಜನ ತೀರ್ಕೋತಾರೆ. ಮನುಷ್ಯನಿಂದ ಮನುಷ್ಯನಿಗೆ ಹರಡಲ್ಲ, ಹಂಗಾಗಿ ರೋಗಿ ಇರೋ ಮನೆನ ದೂರ ಇಡೋ ಬುದ್ಧಿ ಬಿಡಿ, ಅವ್ರ ಮನೆ ಅಡಿಕೆ ಸುಲಿಯಕ್ಕೆ ಹೋಗಿ. ಒಂದು ಮಾತು ನೆನಪಿರ್ಲಿ, ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದು ಮತ್ತೆ ಜ್ವರ, ಕುತ್ತಿಗೆ ಬಿಗಿತ, ಕೈ ನಡುಕ, ಮಾತು ತೊದಲೋದು ಕೆಲವರಲ್ಲಿ ಆಗತ್ತೆ. ಆಗ ಮತ್ತೆ ಓಡ್ಬೇಕು.

ಲಸಿಕೆ ಬಗ್ಗೆ ಎಲ್ಲರೂ ಕೇಳ್ತಾರೆ. ಹಳೇ ಲಸಿಕೆ ಎರಡು ಡೋಸಿಗೆ ಸುಮಾರು 62%, ಬೂಸ್ಟರ್ ಸೇರಿದ್ರೆ 83% ತನಕ ಕೆಲಸ ಮಾಡ್ತಿತ್ತು ಅಂತ ಲೆಕ್ಕ, ಅದನ್ನ 2022ರಲ್ಲಿ ನಿಲ್ಸಿದ್ರು. ಐಸಿಎಂಆರ್ ಕಡೆಯಿಂದ ಹೊಸದು ತಯಾರಾಗ್ತಿದೆ. ಅದು ಊರಿಗೆ ಬರೋ ತನಕ ಎಣ್ಣೆ, ಬೂಟು, ದನದ ಔಷಧನೇ ಗತಿ.

ಹೊರಗಿಂದ ಕೆಲಸಕ್ಕೆ ಬರೋರು

ಇದನ್ನ ಯಾವ ಪೋಸ್ಟರಲ್ಲೂ ಬರೆಯಲ್ಲ. ಗೋವಾದ ಗೇರು ತೋಟಕ್ಕೆ ಕೆಲಸಕ್ಕೆ ಹೋದ ಖಾನಾಪುರ ಕಡೆ ಜನ 2016ರಲ್ಲಿ ಜ್ವರ ಹೊತ್ಕೊಂಡು ವಾಪಸ್ ಬಂದ್ರು. ನಮ್ಮಲ್ಲಿಗೂ ಕೊಯ್ಲಿಗೆ, ಮಣ್ಣು ಕೆಲಸಕ್ಕೆ ಬಯಲುಸೀಮೆಯಿಂದ ಜನ ಬರ್ತಾರೆ, ಅವ್ರಿಗೆ ಉಣುಗು ಅಂದ್ರೆ ದನದ ಮೈಮೇಲೆ ಇರೋದು ಅಂತಷ್ಟೇ ಗೊತ್ತು. ಬಂದ ಮೊದಲ ದಿನನೇ ಎಣ್ಣೆ ಬಾಟ್ಲಿ, ಬೂಟು ಕೊಟ್ಟು ಸಂಜೆ ಮೈ ನೋಡ್ಕೊಳ್ಳೋದು ತೋರ್ಸಿ, ಕೂಲಿ ಲೆಕ್ಕದಲ್ಲಿ ಬೂಟಿನ ದುಡ್ಡು ಹಿಡೀಬೇಡಿ. ಊರಿಗೆ ಹೊರಟಾಗ ಒಂದು ಚೀಟೀಲಿ ಯಾವ ಊರಲ್ಲಿ, ಯಾವ ತಾರೀಖಿಂದ ಯಾವ ತಾರೀಖಿನ ತನಕ ಕೆಲಸ ಮಾಡಿದ್ರು, ಇಲ್ಲಿ ಮಂಗನ ಕಾಯಿಲೆ ಇದೆ, ಕೆಎಫ್‌ಡಿ ಟೆಸ್ಟ್ ಮಾಡಿಸಿ ಅಂತ ಬರೆದು ನಿಮ್ಮ ಫೋನ್ ನಂಬರ್ ಹಾಕಿ ಕೊಡಿ. ಅಲ್ಲಿನ ಡಾಕ್ಟ್ರು ಇದನ್ನ ಡೆಂಗ್ಯೂ ಅಂತಲೋ ಟೈಫಾಯ್ಡ್ ಅಂತಲೋ ನೋಡ್ತಾ ಕೂರೋ ಮೂರ್ನಾಲ್ಕು ದಿನ ಆ ಚೀಟಿಯಿಂದ ಉಳಿಯತ್ತೆ.